ಡಿಸ್ಕಸ್ ಬಿಟ್ಟ ಕೈಗೆ ಗಾಲ್ಫ್ ಕೋಲು

ಅಳಿಯಾ,

ನೀನು ಕಳಿಸಿದ ವಿಡಿಯೋ ಬಂತು. ಮೊದಲ ಸಲ ನೋಡಿದಾಗ ಚೆಂಡಿನ ಕಡೆ ಲಕ್ಷ್ಯವೇ ಹೋಗಲಿಲ್ಲ. ಯಲಬುರ್ಗಾದ ಎರಿ ಹೊಲದಾಗ ನಿಮ್ಮವ್ವನ ಬೆನ್ನ ಹಿಂದೆ ಕಡ್ಲಿಗಿಡ ಕೀಳುತ್ತಿದ್ದ ಹುಡುಗ ಬೆಂಗಳೂರಿನ ಗಾಲ್ಫ್ ಮೈದಾನದ ಕೆಲಸಕ್ಕೆ ಸೇರಿ ಗಾಲ್ಫ್ ಕೋಲು ಹಿಡಿದು ನಿಂತಿದ್ದಾನಲ್ಲ ಅಂತ ಅದನ್ನೇ ನೋಡುತ್ತ ಕೂತೆ. ನಿಮ್ಮವ್ವನಿಗೂ ತೋರಿಸಿದೆ. ‘ಅಣ್ಣಾ, ಅಷ್ಟು ನೀರು ಬರೇ ಹುಲ್ಲಿಗೆ ಬಿಡ್ತಾರಂತೇನು?’ ಅಂದಳು. ಏತ ನೀರಾವರಿ ಇಂದು ಬಂತು ನಾಳೆ ಬಂತು ಎಂದು ಕಾಯುವವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

ನಾಲ್ಕನೇ ಸಲ ನೋಡುವಾಗ ನನ್ನೊಳಗಿನ ಹಳೆಯ ಪಿ.ಟಿ. ಮಾಸ್ತರ ಎದ್ದು ಕೂತ. ಗಾಲ್ಫ್ ಕೋಲನ್ನು ನಾನು ಈ ಜನ್ಮದಲ್ಲಿ ಮುಟ್ಟಿದವನಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ನೌಕರಿ ಮಾಡಿದರೂ ಅದನ್ನು ಹಿಡಿದವರನ್ನು ಕಂಡವನೂ ಅಲ್ಲ. ಆದರೆ 31 ವರ್ಷ ಎಸೆಯುವ ಹುಡುಗರ ಕಾಲು ನೋಡಿದ್ದೇನೆ. ಮಂದಿ ಕೈ ನೋಡಿ ಚಪ್ಪಾಳೆ ತಟ್ಟುತ್ತಾರೆ, ನನ್ನ ಕಣ್ಣು ಪಾದದ ಮೇಲಿರುತ್ತದೆ. ವಿಡಿಯೋದಲ್ಲಿ ನಿನ್ನ ಪಾದ ಮಠದ ಕಂಬದ ಹಾಗೆ ನಿಂತಿತ್ತು, ಕೈ ಒಂದೇ ಜಗಳಕ್ಕೆ ಹೋಗಿತ್ತು.

‘ಇಲ್ಲಿ ಕಲಿಸುವವರು ಕೋಲನ್ನ ಎಸೆದಂಗ ಬೀಸು ಅಂತಾರ. ಎಸೆಯೋದು ನನಗ ಬರ್ತದ. ಹಂಗಾದ್ರ ಚೆಂಡು ಯಾಕ ಬಲಕ್ಕ ಬಾಗಿ ಗಿಡದಾಗ ಬೀಳ್ತದ ಮಾವಾ?’ ಅಂತ ಕೇಳಿದ್ದೀಯಲ್ಲ. ಉತ್ತರ ಉದ್ದ ಇದೆ. ಊಟ ಮಾಡಿ ಓದು.

ಮೊದಲು ಅವರು ಹೇಳಿದ್ದರಲ್ಲಿ ಖರೆ ಎಷ್ಟಿದೆ ನೋಡೋಣ. ಬಹಳ ಇದೆ. ಗಂಗಾವತಿಯ ರೈಸ್‌ಮಿಲ್ಲಿನ ಮುಂದೆ ಹಮಾಲರು ಲಾರಿ ತುಂಬುವುದನ್ನು ನೋಡಿದ್ದೀಯಲ್ಲ. ಭತ್ತದ ಚೀಲ ಅಂದರೆ 75 ಕೆಜಿ. ಇಬ್ಬರು ಎರಡು ತುದಿ ಹಿಡಿದು ಒಂದು ತೂಗು, ಎರಡು ತೂಗು, ಮೂರನೆಯದಕ್ಕೆ ಹೂಂ ಅಂದರೆ ಚೀಲ ಮೇಲೆ. ಅವರ ರಟ್ಟೆ ನಿನ್ನ ರಟ್ಟೆಗಿಂತ ದಪ್ಪ ಏನಲ್ಲ. ಹೂಂ ಅನ್ನುವ ಮೊದಲು ಮೊಣಕಾಲು ಮಡಿಯುತ್ತದೆ, ಹಿಮ್ಮಡಿ ನೆಲ ಒತ್ತುತ್ತದೆ, ಸೊಂಟ ತಿರುಗುತ್ತದೆ, ಕಡೆಗೆ ಕೈ. ಅಲ್ಲಿ ಕೈಯ ಕೆಲಸ ಹಿಡಿದುಕೊಳ್ಳುವುದು, ಬಿಡುವುದು, ಇಷ್ಟೇ. ಗುಂಡು ಎಸೆತಕ್ಕೂ ಅದೇ ಸರತಿ, ಡಿಸ್ಕಸ್ಸಿಗೂ ಅದೇ, ಜಾವೆಲಿನ್ನಿಗೂ ಅದೇ, ಗಾಲ್ಫಿಗೂ ಅದೇ.

ಇನ್ನೊಂದು ಗುಟ್ಟು ನಿಮ್ಮಜ್ಜನ ಬಾರಕೋಲಿನಲ್ಲಿದೆ. ಚಿಕ್ಕವನಿದ್ದಾಗ ಅದನ್ನು ಚಟ್ ಅನ್ನಿಸಲು ನೀನು ಎಷ್ಟು ಒದ್ದಾಡಿದೆ ನೆನಪಿದೆಯೇನು? ಜೋರಾಗಿ ಬೀಸಿದಷ್ಟೂ ಬಾರು ಸುಮ್ಮನೆ ನೆಲಕ್ಕೆ ಬೀಳುತ್ತಿತ್ತು. ಅಜ್ಜ ಕೂತಲ್ಲೇ ಮಣಿಕಟ್ಟು ಅಲುಗಿಸಿದರೆ ಎತ್ತು ಬೆಚ್ಚುತ್ತಿದ್ದವು. ಅವನು ಕೈಯನ್ನು ಮುಂದೆ ಒಯ್ದು ತಟ್ಟನೆ ತಡೆಯುತ್ತಿದ್ದ. ಹಿಡಿ ತಡೆದಾಗ ವೇಗ ಬಾರಿಗೆ ಹರಿಯುತ್ತದೆ, ಬಾರಿನಿಂದ ತುದಿಗೆ. ಎಸೆಯುವ ಮೈಯಲ್ಲೂ ಹೀಗೆಯೇ. ಮೊದಲು ಸೊಂಟ ಜೋರಾಗಿ ತಿರುಗಿ ನಿಧಾನವಾಗುತ್ತದೆ. ಆ ವೇಗ ಎದೆಗೆ ಬರುತ್ತದೆ, ಎದೆ ನಿಧಾನಿಸಿದಾಗ ತೋಳಿಗೆ, ತೋಳು ನಿಧಾನಿಸಿದಾಗ ಕೈಯಲ್ಲಿರುವ ವಸ್ತುವಿಗೆ. ದೊಡ್ಡ ಆಟಗಾರರ ಗಾಲ್ಫ್ ಕೋಲಿನ ತಲೆ ಚೆಂಡು ಮುಟ್ಟುವಾಗ ಗಂಟೆಗೆ 180 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ಆ ಗಳಿಗೆಯಲ್ಲಿ ಅವರ ಮುಷ್ಟಿ ಆಗಲೇ ನಿಧಾನವಾಗಿರುತ್ತದೆ. ನೀನು ಮುಷ್ಟಿಯನ್ನೇ ಓಡಿಸುತ್ತಿದ್ದೀಯ.

ವೇಗದ ಲೆಕ್ಕ ಹೇಳಿದೆನಲ್ಲ, ಅದನ್ನು ಇನ್ನಷ್ಟು ನೋಡು. 7.26 ಕೆಜಿ ಗುಂಡು ಒಳ್ಳೆಯ ಎಸೆತಗಾರನ ಕೈ ಬಿಡುವಾಗ ಗಂಟೆಗೆ 50 ಕಿಲೋಮೀಟರ್ ವೇಗ, 2 ಕೆಜಿ ಡಿಸ್ಕಸ್ ಸುಮಾರು 90, 800 ಗ್ರಾಂ ಜಾವೆಲಿನ್ 100 ದಾಟುತ್ತದೆ. ದೂರ ಹೊಡೆಯುವ ಗಾಲ್ಫ್ ಕೋಲು, ಅಂದರೆ ಡ್ರೈವರಿನ ತಲೆ 200 ಗ್ರಾಂ, ವೇಗ 180. ಮನುಷ್ಯನ ಮೈ ಎಲ್ಲ ಕಡೆ ಅದೇ. ತೂಕ ಇಳಿದಂತೆ, ಕೋಲು ಉದ್ದವಾದಂತೆ ವೇಗ ಏರುತ್ತದೆ. ಗುಂಡು ಎಸೆಯುವಾಗ ತಳ್ಳುವ ಬಲ ಬೇಕು. ಗಾಲ್ಫಿಗೆ ಬಂದರೆ ಅದೇ ಬಲ ತಾಳಕ್ಕೆ ಅಡ್ಡ ಬರುತ್ತದೆ. ಚೆಂಡಿನ ತೂಕ 46 ಗ್ರಾಂ ಒಳಗೆ, ಒಂದು ನಿಂಬೆಹಣ್ಣಿನಷ್ಟು. ಅದರ ಮೇಲೆ ಸೇಡು ಯಾಕೆ ತೀರಿಸಿಕೊಳ್ಳುತ್ತೀ?

ಇನ್ನು ಮುಂದಿನ ಕಾಲು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಶಿರಸಿ ಕಡೆಯ ಕಾಶಿನಾಥ ನಾಯ್ಕ 74.29 ಮೀಟರ್ ಜಾವೆಲಿನ್ ಎಸೆದು ಕಂಚು ಗೆದ್ದಾಗ ನಾನು ಶಾಲೆಯ ಹುಡುಗರಿಗೆಲ್ಲ ಹೇಳಿದ್ದು ಒಂದೇ ಮಾತು, ಎಡಗಾಲು ನೋಡ್ರಿ ಅಂತ. ಓಡಿ ಬಂದ ವೇಗವೆಲ್ಲ ನೆಟ್ಟ ಗೂಟದಂಥ ಎಡಗಾಲಿಗೆ ಬಡಿದು ಮೇಲೇರುತ್ತದೆ. ಸೈಕಲ್ಲಿನ ಮುಂದಿನ ಬ್ರೇಕ್ ಒಮ್ಮೆಲೇ ಹಿಡಿದರೆ ನೀನು ಹ್ಯಾಂಡಲ್ ಮೇಲಿಂದ ಹಾರುತ್ತೀಯಲ್ಲ, ಆ ಕೆಲಸ. ಕಾಲು ಮಡಿಯಿತೋ, ವೇಗ ಅಲ್ಲೇ ಸೋರಿತು. ಗಾಲ್ಫಿನಲ್ಲಿ ಓಟ ಇಲ್ಲ, ನಿಂತ ನೆಲದ ಮೇಲೇ ಎಲ್ಲ. ಆದರೂ ಕೋಲು ಕೆಳಗಿಳಿಯುವಾಗ ಭಾರ ಎಡಗಾಲಿಗೆ ಬಂದು, ಚೆಂಡು ಮುಟ್ಟುವ ಹೊತ್ತಿಗೆ ಆ ಕಾಲು ನೆಲವನ್ನು ಒದ್ದು ನೆಟ್ಟಗಾಗಬೇಕು. ನಿನ್ನ ವಿಡಿಯೋದಲ್ಲಿ ಭಾರ ಬಲಗಾಲಿನಲ್ಲೇ ಉಳಿದಿದೆ. ಹೊಡೆದಾದ ಮೇಲೆ ಹಿಂದಕ್ಕೆ ವಾಲುತ್ತೀ. ಎಡಗಾಲಿನ ಮೇಲೆ ಮೂರು ಎಣಿಸುವ ತನಕ ಅಲುಗದೆ ನಿಲ್ಲಲು ಬಂದರೆ ಅರ್ಧ ರೋಗ ವಾಸಿ.

ಉಳಿದರ್ಧ ನಿನ್ನ ಹಳೆಯ ರೋಗ. ಕೊಪ್ಪಳದ ಜಿಲ್ಲಾ ಕ್ರೀಡಾಂಗಣದಲ್ಲಿ ನೀನು ಡಿಸ್ಕಸ್ ಎಸೆಯುವಾಗ ಬಲಭುಜದ ಮೇಲೆ ಕೈಯಿಟ್ಟು ‘ಇದು ಕಡೀಗೆ, ಇದು ಕಡೀಗೆ’ ಅಂತ ನಾನು ಎಷ್ಟು ಸಲ ಹೇಳಿಲ್ಲ. ವಿಕಾಸ್ ಗೌಡನ ಎಸೆತ ತೋರಿಸುತ್ತಿದ್ದೆನಲ್ಲ, ಮೈಸೂರಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವನು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್ ಎಸೆದು ಚಿನ್ನ ಗೆದ್ದವನು. ಅವನು ತಿರುಗಿ ಬಂದು ಕಾಲೂರಿದಾಗ ಸೊಂಟ ಮುಂದೆ ನೋಡುತ್ತಿರುತ್ತದೆ, ಡಿಸ್ಕಸ್ ಹಿಡಿದ ಕೈ ಇನ್ನೂ ಹಿಂದೆ, ಮನೆಯಿಂದ ಹೊರಡಲು ಮನಸ್ಸಿಲ್ಲದ ಸೊಸೆಯ ಹಾಗೆ ಎಳೆಸಿಕೊಂಡು ಬರುತ್ತಿರುತ್ತದೆ. ನಡುವೆ ಹೊಟ್ಟೆ, ಪಕ್ಕೆಯ ಸ್ನಾಯುಗಳು ಹಗ್ಗದಂತೆ ಹುರಿಗೊಳ್ಳುತ್ತವೆ. ಆ ಹುರಿ ಬಿಚ್ಚುವುದರಲ್ಲೇ ಎಸೆತ ಇದೆ. ನಿನಗೆ ಅವಸರ. ಕೋಲು ಮೇಲೆ ಹೋಗಿ ಮುಟ್ಟುವ ಮೊದಲೇ ಬಲಭುಜ ಮುಂದಕ್ಕೆ ನುಗ್ಗುತ್ತದೆ. ಆಗ ಕೋಲು ಹೊರಗಿನಿಂದ ಒಳಕ್ಕೆ, ಕುಡುಗೋಲಿನಿಂದ ಕೊಯ್ದ ಹಾಗೆ, ಚೆಂಡಿನ ಮೇಲೆ ಹಾಯುತ್ತದೆ. ಕೋಲಿನ ಮುಖ ಆ ದಾರಿಗೆ ತೆರೆದುಕೊಂಡಿರುತ್ತದೆ. ಚೆಂಡಿಗೆ ಓರೆ ಸುತ್ತು ಬಿದ್ದು ಬಲಕ್ಕೆ ಬಾಗುತ್ತದೆ. ನಿನ್ನ ಗಿಡದ ಕಥೆ ಇಷ್ಟೇ.

ಅವರು ಎಸೆ ಅಂದದ್ದನ್ನು ನೀನು ಮೇಲಿನಿಂದ ಎಸೆಯುವುದು ಅಂದುಕೊಂಡೆ ಅಂತ ನನಗೆ ಗುಮಾನಿ. ಬೆನ್ ಹೋಗನ್ ಅಂತ ಅಮೆರಿಕದ ದೊಡ್ಡ ಗಾಲ್ಫ್ ಆಟಗಾರ ಇದ್ದ. 1957ರಲ್ಲಿ ಬಂದ ಅವನ ಪಾಠದ ಪುಸ್ತಕದಲ್ಲಿ ಬಲಗೈಯ ಕೆಲಸವನ್ನು ಬೇಸ್‌ಬಾಲ್ ಆಡುವವರು ಪಕ್ಕದಿಂದ, ಸೊಂಟದ ಮಟ್ಟದಿಂದ ಚೆಂಡು ಎಸೆಯುವುದಕ್ಕೆ ಹೋಲಿಸಿದ್ದಾನೆ. ನಮಗೆ ಬೇಸ್‌ಬಾಲ್ ಯಾಕೆ? ಮುನಿರಾಬಾದಿನಲ್ಲಿ ಹಿನ್ನೀರಿನ ದಂಡೆಗೆ ನಿಂತು ಹೆಂಚಿನ ಚೂರು ನೀರ ಮೇಲೆ ಟಪ್ ಟಪ್ ಎಂದು ಹಾರಿಸುತ್ತಿದ್ದೆಯಲ್ಲ, ಅದು. ಮೊಣಕೈ ಪಕ್ಕೆಗೆ ಅಂಟಿಕೊಂಡು ಬರುತ್ತದೆ, ಮುಂಗೈ ತಡವಾಗಿ ಬರುತ್ತದೆ. ಏಳು ಸಲ ಹಾರಿಸಿ ಬೀಗಿದ ಕೈ ನಿನ್ನದು. ಆ ಕೈಯನ್ನು ಕರೆ, ಡಿಸ್ಕಸ್ಸಿನ ಕೈಯನ್ನು ಸ್ವಲ್ಪ ದಿನ ಮಲಗಿಸು.

ನಾಲ್ಕು ಎಸೆತಗಳಲ್ಲಿ ಗಾಲ್ಫಿಗೆ ಹತ್ತಿರದ ನೆಂಟ ಯಾವುದು ಅಂದರೆ ನಾನು ಹ್ಯಾಮರ್ ಅನ್ನುತ್ತೇನೆ. ನಮ್ಮ ಕಡೆ ಅದನ್ನು ಆಡಿಸಿದ್ದು ಕಡಿಮೆ. ಜಾಲರಿ ಪಂಜರ ಇಲ್ಲದೆ ಆಡಿಸುವ ಧೈರ್ಯ ನನಗೂ ಇರಲಿಲ್ಲ. ಎರಡೂ ಕೈಯಲ್ಲಿ ಹಿಡಿ, ತುದಿಗೆ ಭಾರ, ಬೀಸಿದರೆ ಓರೆಯಾದ ಸುತ್ತು. 7.26 ಕೆಜಿ ಗುಂಡು ತಂತಿಯ ತುದಿಯಲ್ಲಿ ಕಡೆಯ ಸುತ್ತು ಹೊಡೆಯುವಾಗ ಎಸೆಯುವವನನ್ನು 300 ಕೆಜಿಗೂ ಮೇಲಿನ ಬಲದಿಂದ ಹೊರಕ್ಕೆ ಎಳೆಯುತ್ತದೆ. ನಾಲ್ಕು ಭತ್ತದ ಚೀಲ! ಅವನು ಕುಂಡಿ ಹಿಂದಕ್ಕೆ ಹಾಕಿ ಕೂತಂತೆ ಎದುರೆಳೆತ ಕೊಡುತ್ತಾನೆ, ಸೇದೋ ಬಾವಿಯ ಹಗ್ಗ ಹಿಡಿದವರ ಹಾಗೆ. ನಿನ್ನ ಡ್ರೈವರಿನ ತಲೆಯೂ ಪೂರ್ಣ ವೇಗದಲ್ಲಿ ಅರ್ಧ ಚೀಲದಷ್ಟು ಎಳೆಯುತ್ತದೆ. ಅದಕ್ಕೆ ಸೋತು ಚೆಂಡಿನ ಕಡೆ ಸೊಂಟ ಚಾಚಿದರೆ ಕೋಲಿನ ಬುಡ ಚೆಂಡಿಗೆ ಬಡಿಯುತ್ತದೆ. ವಿಡಿಯೋದ ಕಡೆಯ ಎರಡು ಹೊಡೆತ ಹಾಗೇ ಹಾಳಾದವು.

ಇಲ್ಲಿಯ ತನಕ ನೆಂಟಸ್ತಿಕೆ ಹೇಳಿದೆ. ಈಗ ಜಗಳ ಎಲ್ಲಿದೆ ಹೇಳುತ್ತೇನೆ, ಅಲ್ಲೇ ನೀನು ಎಡವುವುದು.

ಎಸೆಯುವವನು ಬಿಡುತ್ತಾನೆ. ನಿಮ್ಮಜ್ಜ ಬಿಳಿಜೋಳಕ್ಕೆ ತೆನೆ ಹಾಲು ಹಿಡಿದಾಗ ಅಟ್ಟದ ಮೇಲೆ ನಿಂತು ಕವಣಿ ಬೀಸುತ್ತಿದ್ದನಲ್ಲ, ಒಂದು ತುದಿ ಬೆರಳಿಗೆ ಸಿಕ್ಕಿಸಿ ಇನ್ನೊಂದು ತುದಿ ಬಿಡುವ ಆ ಗಳಿಗೆಯಲ್ಲೇ ಕಲ್ಲು ಹಕ್ಕಿಯ ಕಡೆಗೋ ಪಕ್ಕದ ಹೊಲದವನ ತಲೆಗೋ ಅನ್ನುವುದು ತೀರ್ಮಾನ. ಕೂದಲೆಳೆ ತಡವಾದರೂ ದಿಕ್ಕು ಬದಲು. ಗಾಲ್ಫಿನಲ್ಲಿ ಬಿಡುವ ಗಳಿಗೆಯೇ ಇಲ್ಲ. ಕೋಲು ಕೈಯಲ್ಲೇ ಇರುತ್ತದೆ, ಚೆಂಡು ದಾರಿಗೆ ಅಡ್ಡ ಸಿಗುತ್ತದೆ, ಅರೆ ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಯುತ್ತದೆ. ಆ ಹೊತ್ತಿಗೆ ಕೋಲಿನ ಮುಖ ಎತ್ತ ನೋಡುತ್ತಿತ್ತು ಎನ್ನುವುದೇ ನಿನ್ನ ಕವಣಿಯ ಬಿಡುವು. ಆ ಮುಖವನ್ನು ಹಿಡಿತವೇ ಕಾಯುತ್ತದೆ. ಅದಕ್ಕೇ ಅಲ್ಲಿಯವರು ಬೆರಳು ಹೇಗಿಡಬೇಕು ಎಂದು ತಿಂಗಳುಗಟ್ಟಲೆ ತಲೆ ತಿನ್ನುವುದು. ಬೇಸರ ಮಾಡಿಕೊಳ್ಳಬೇಡ.

ಎಸೆಯುವವನು ಎತ್ತುತ್ತಾನೆ. ಗುಂಡು, ಡಿಸ್ಕಸ್ ಎರಡೂ ಕೈಯಿಂದ 35–40 ಡಿಗ್ರಿ ಆಸುಪಾಸಿನಲ್ಲಿ ಮೇಲಕ್ಕೆ ಹೊರಡಬೇಕು ಎಂದು ನಿನ್ನ ತಲೆಯಲ್ಲಿ ಬೀಜ ಬಿತ್ತಿದವನು ನಾನೇ. ಆ ಬೀಜ ಕಿತ್ತು ಹಾಕು. ಗಾಲ್ಫ್ ಚೆಂಡನ್ನು ಎತ್ತಲು ಹೋದರೆ ಕೋಲಿನ ಅಂಚು ಅದರ ನೆತ್ತಿಗೆ ಬಡಿದು ಅದು ಇಲಿಯ ಹಾಗೆ ನೆಲದ ಮೇಲೆ ಓಡುತ್ತದೆ. ಏಳನೇ ನಂಬರಿನ ಐರನ್ ಕೋಲಿನ ಮುಖ 30 ಡಿಗ್ರಿ ಆಸುಪಾಸು ಹಿಂದಕ್ಕೆ ಒರಗಿಯೇ ಇದೆ, ಎತ್ತುವ ಕೆಲಸ ಅದರದು. ನೀನು ಕೆಳಮುಖವಾಗಿ ಬಾ. ಮೊದಲು ಚೆಂಡು, ಆಮೇಲೆ ಮಣ್ಣು. ಹಾಗೆ ಹೊಡೆದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತದೆ, ಮೈಮೇಲಿನ ಕುಳಿಗಳು ಗಾಳಿಯನ್ನು ಹಿಡಿದು ಅದನ್ನು ತೇಲಿಸುತ್ತವೆ. ಡ್ರೈವರಿನಿಂದ ಹೊರಟ ಚೆಂಡು 10–15 ಡಿಗ್ರಿಯಷ್ಟೇ ಮೇಲಕ್ಕೆ ಹೊರಟರೂ ಅಷ್ಟು ದೂರ ಹೋಗುವುದು ಆ ತಿರುಗಿನಿಂದ.

ಗಾಳಿಯ ವಿಷಯದಲ್ಲೂ ಹಳೆಯ ಪಾಠ ತಿರುವುಮುರುವು. ಆಷಾಢದ ಗಾಳಿಗೆ ಎದುರಾಗಿ ನಿಲ್ಲಿಸಿ ನಿನ್ನ ಕೈಯಲ್ಲಿ ಡಿಸ್ಕಸ್ ಎಸೆಯಿಸುತ್ತಿದ್ದೆ, ಎದುರುಗಾಳಿ ಅದನ್ನು ತಟ್ಟೆಯ ಹಾಗೆ ಎತ್ತಿ ಹಿಡಿಯುತ್ತದೆ, ಒಂದೆರಡು ಮೀಟರ್ ಪುಕ್ಕಟೆ ಸಿಗುತ್ತದೆ ಅಂತ. ಗಾಲ್ಫ್ ಚೆಂಡಿಗೆ ಎದುರುಗಾಳಿ ಶತ್ರು. ಅದು ಮೇಲೇರಿ ಅಲ್ಲೇ ನಿಂತು ಪೊತ್ತೆಂದು ಬೀಳುತ್ತದೆ. ಈಗ ಯಲಬುರ್ಗಾ, ಕುಷ್ಟಗಿ ದಾರಿಯಲ್ಲಿ ಎಲ್ಲಿ ನೋಡಿದರೂ ಗಾಳಿ ಫ್ಯಾನು. ಈ ಗಾಳಿಯಲ್ಲಿ ಗಾಲ್ಫ್ ಕಲಿತವನು ಎಲ್ಲಿ ಬೇಕಾದರೂ ಬದುಕಿಯಾನು ಅನ್ನಿಸುತ್ತದೆ, ಹುಲ್ಲಿಗೆ ನೀರು ಯಾರು ಕೊಡುತ್ತಾರೋ ಗೊತ್ತಿಲ್ಲ.

ಇವೆಲ್ಲ ಮೈಯ ಮಾತು. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಬೇರೆ ಇದೆ.

2021ರ ಆಗಸ್ಟ್ 7 ನೆನಪಿದೆಯಲ್ಲ. ನೀರಜ್ ಚೋಪ್ರಾ ಟೋಕಿಯೊದಲ್ಲಿ ಚಿನ್ನ ಗೆದ್ದ ದಿನ. ನಾವೆಲ್ಲ ಟಿವಿ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡೆವು. ಅವನ ಆರು ಎಸೆತ ನನ್ನ ಡೈರಿಯಲ್ಲಿ ಬರೆದಿಟ್ಟಿದ್ದೇನೆ: 87.03, 87.58, 76.79, ಫೌಲ್, ಫೌಲ್, 84.24. ಚಿನ್ನ ಬಂದದ್ದು ಎರಡನೆಯದಕ್ಕೆ. ಮೂರನೆಯದು ಹತ್ತು ಮೀಟರಿಗೂ ಮೇಲೆ ಕಡಿಮೆ, ಆಮೇಲಿನ ಎರಡು ಲೆಕ್ಕಕ್ಕೇ ಇಲ್ಲ. ಯಾರೂ ಕೇಳಲಿಲ್ಲ. ಎಸೆತದ ಆಟದಲ್ಲಿ ಒಳ್ಳೆಯದು ಒಂದೇ ಉಳಿಯುತ್ತದೆ, ಕೆಟ್ಟದ್ದನ್ನೆಲ್ಲ ಸುಣ್ಣದ ಗೆರೆಯ ಹಾಗೆ ಕಾಲಿನಿಂದ ಅಳಿಸಿಬಿಡುತ್ತಾರೆ. ಅದಕ್ಕೇ ನಾನು ನಿಮಗೆ ಕಲಿಸಿದ್ದು, ಮೊದಲನೆಯದು ಜಾಗ್ರತೆಯಿಂದ ಎಸೆ, ಆಮೇಲೆ ಜೀವ ಇಟ್ಟು ಎಸೆ, ಹೋದರೆ ಹೋಯಿತು.

ಅದೇ ದಿನ ಬೆಳಗ್ಗೆ, ಅದೇ ಒಲಿಂಪಿಕ್ಸಿನಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫ್ ಮುಗಿಸಿದಳು. ಕೋಲಿನ ಚೀಲ ಹೊತ್ತು ಜೊತೆಗೆ ನಡೆದವಳು ಅವಳ ತಾಯಿ. ನಾಲ್ಕು ದಿನದ ಲೆಕ್ಕ: 67, 66, 68, 68. ಒಟ್ಟು 269 ಹೊಡೆತ. ಕಂಚು ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೋ 268. ಒಂದೇ ಒಂದು ಹೊಡೆತ ಹೆಚ್ಚಾದದ್ದಕ್ಕೆ ನಾಲ್ಕನೇ ಸ್ಥಾನ. ಮೊದಲ ದಿನದ ಯಾವುದೋ ಹೊಡೆತವೋ, ಮೂರನೇ ದಿನದ್ದೋ, ಯಾವುದು ಅಂತ ಹೇಳಲು ಬರುವುದಿಲ್ಲ, ಎಲ್ಲವೂ ಕೂಡಿಕೆಯಲ್ಲಿವೆ. ಗಾಲ್ಫಿನಲ್ಲಿ ಫೌಲ್ ಆದ ಎಸೆತಕ್ಕೆ ಮಾಫಿ ಇಲ್ಲ. ಗಿಡದಾಗ ಬಿದ್ದ ಚೆಂಡಿನ ಹೊಡೆತವೂ ನಿನ್ನ ಖಾತೆಗೇ ಬರೆಯುತ್ತಾರೆ, ಅಂಗಡಿಯವನು ಉದ್ರಿ ಬರೆದ ಹಾಗೆ.

ಇನ್ನೊಂದು ವಿಚಿತ್ರ ಕೇಳು. ಆ ಹುಡುಗಿ ಅಲ್ಲಿದ್ದವರಲ್ಲೆಲ್ಲ ದೂರ ಹೊಡೆಯುವುದರಲ್ಲಿ ಹಿಂದಿನ ಸಾಲಿನವಳು. ಮುಂಚೆ ಕೊರೊನಾ ಬೇರೆ ಬಂದು ಸೊರಗಿದ್ದಳು. ಅವಳನ್ನು ಅಲ್ಲಿಯ ತನಕ ತಂದದ್ದು ಗುಳಿಯ ಹತ್ತಿರದ ಸಣ್ಣ ಹೊಡೆತ. ಸೊಂಟ, ಭುಜ, ಎಡಗಾಲು ಅಂತ ನಾನು ಇಷ್ಟು ಹೊತ್ತು ಕೊರೆದದ್ದೆಲ್ಲ ಆ ಸಣ್ಣ ಹೊಡೆತಕ್ಕೆ ಲೆಕ್ಕಕ್ಕೇ ಬರುವುದಿಲ್ಲ, ನೋಡು. ನಿನ್ನ ವಿಡಿಯೋದಲ್ಲಿ ಒಂದೂ ಸಣ್ಣ ಹೊಡೆತ ಇಲ್ಲ. ಎಲ್ಲ ಡ್ರೈವರೇ. ಎಸೆಯುವವನ ಹಸಿವು ಅದು, ದೂರದ ಹಸಿವು. ಟೇಪು ಹಿಡಿದು ಅಳೆಯಲು ನಿನ್ನ ಹಿಂದೆ ಯಾರೂ ನಿಂತಿಲ್ಲ ಈಗ.

ಅಭ್ಯಾಸದ ಬಗ್ಗೆ ಒಂದು ಮಾತು, ಇದು ನನ್ನ ತಪ್ಪಿನಿಂದ ಕಲಿತದ್ದು. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಶಾಲೆಯಲ್ಲಿದ್ದದ್ದು ಒಂದೇ ಗುಂಡು, ದೊಡ್ಡವರದು. 18ರ ಒಳಗಿನ ಹುಡುಗರಿಗೆ 5 ಕೆಜಿ ಗುಂಡು, ಒಂದೂವರೆ ಕೆಜಿ ಡಿಸ್ಕಸ್ ಅಂತ ನಿಯಮ ಗೊತ್ತಿದ್ದೂ, ಇದ್ದದ್ದರಲ್ಲೇ ಆಗಲಿ ಅಂತ ಒಬ್ಬ ಹುಡುಗನ ಕೈಯಲ್ಲಿ 7.26 ಕೆಜಿಯದನ್ನು ಎಸೆಯಿಸಿದೆ. ಅವನಿಗೆ ಹುಮ್ಮಸ್ಸು, ನನಗೆ ಆಸೆ. ಭುಜ ಹೋಯಿತು. ಈಗಲೂ ಸಂತೆಯಲ್ಲಿ ಸಿಕ್ಕರೆ ಎಡಗೈಯಲ್ಲಿ ಚೀಲ ಹಿಡಿದಿರುತ್ತಾನೆ, ನಮಸ್ಕಾರ ಸರ್ ಅಂತಾನೆ, ನನಗೆ ಮುಖ ಎತ್ತಲಾಗುವುದಿಲ್ಲ. ನೀನು ಈಗ ಯಾರೋ ಮೆಂಬರು ಬಿಟ್ಟು ಹೋದ ಉದ್ದನೆಯ, ಬಿರುಸಾದ ಕೋಲು ಹಿಡಿದಿದ್ದೀ. ನಿನ್ನ ಎತ್ತರಕ್ಕೆ ಅದು ಸರಿಯಾ ಅಂತ ಆಟಗಾರರ ಕೋಲಿನ ಚೀಲ ಹೊರುವ ಅಲ್ಲಿಯ ಹಿರಿಯ ಕ್ಯಾಡಿಗಳನ್ನು ಕೇಳು. ಡಿಸ್ಕಸ್ ದಿನಕ್ಕೆ 30–40 ಎಸೆತಕ್ಕಿಂತ ಹೆಚ್ಚು ಎಸೆಯಲು ನಾನು ಬಿಡುತ್ತಿರಲಿಲ್ಲ. ನೀನು ಬುಟ್ಟಿಗೆ ಬುಟ್ಟಿ ಚೆಂಡು ಹೊಡೆಯುತ್ತೀಯಂತೆ. ಜಾವೆಲಿನ್ ಎಸೆಯುವವರ ಮೊಣಕೈ ಹಾಳಾಗುವ ಹಾಗೆ ಗಾಲ್ಫಿನವರ ಮೊಣಕೈಯ ಒಳಮಗ್ಗುಲೂ ಹಾಳಾಗುತ್ತದೆ, ಅದಕ್ಕಿಂತ ಮೊದಲು ನಡು ಹಿಡಿಯುತ್ತದೆ. ನಡುವಿನಿಂದಲೇ ನಿನ್ನ ಹೊಟ್ಟೆಪಾಡು. ವಾರಕ್ಕೆ ಎರಡು ದಿನ ಡ್ರೈವರ್ ಸಾಕು, ಉಳಿದ ದಿನ ಸಂಜೆ ಹತ್ತಿಪ್ಪತ್ತು ಸಣ್ಣ ಹೊಡೆತ.

ಚೆಂಡಿಲ್ಲದೆಯೂ ಕೆಲಸ ನಡೆಯುತ್ತದೆ. ಕೋಲನ್ನು ತಿರುವಿ ತಲೆಯ ಕಡೆ ಹಿಡಿದು ಬೀಸು. ಸುಂಯ್ ಅನ್ನುವ ಸಪ್ಪಳ ಎಲ್ಲಿ ಬರುತ್ತದೆ ಕೇಳು. ಬಲಕಿವಿಯ ಹತ್ತಿರ ಬಂದರೆ ಕೈ ಅವಸರ ಮಾಡಿತು. ಚೆಂಡು ಇರಬೇಕಾದ ಜಾಗ ದಾಟಿ ಎಡಕ್ಕೆ ಬಂದರೆ ಬಾರಕೋಲು ಒಲಿಯಿತು. ಇನ್ನೊಂದು, ಎರಡೂ ಪಾದ ಕೂಡಿಸಿ ನಿಂತು, ಕೋಲು ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲನ್ನು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು ಹೊಡೆ. ಜಾವೆಲಿನ್ನಿನ ಕಡೆಯ ಹೆಜ್ಜೆ ಅದೇ ಅಲ್ಲವೇ? ಕೈ ಹಿಂದಕ್ಕೆ, ಕಾಲು ಮುಂದಕ್ಕೆ, ಒಂದೇ ಹೊತ್ತಿಗೆ. ನಿನ್ನ ಮೈಗೆ ಅದು ಗೊತ್ತಿದೆ, ಮರೆತಿದೆ ಅಷ್ಟೇ.

‘ಇದೆಲ್ಲ ಸಾಹುಕಾರರ ಆಟ, ನನ್ನಂಥವನಿಗ ಯಾಕ’ ಅಂತಲೂ ಬರೆದಿದ್ದೀ. ಬೆಂಗಳೂರು ಗಾಲ್ಫ್ ಕ್ಲಬ್ 1876ರದು, ಬ್ರಿಟಿಷರ ಕಾಲದ್ದು, ನೀನು ಹೇಳುವುದು ಸುಳ್ಳಲ್ಲ. ಆದರೆ 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಮಂದಿಯ ಚೀಲ ಹೊತ್ತವನು. ಬಿಡದಿ ಕಡೆಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಊರ ಪಕ್ಕದ ಗಾಲ್ಫ್ ಮೈದಾನದಲ್ಲೇ ಆಟ ಕಲಿತು ವೃತ್ತಿಪರನಾದವನು. ನೀನೂ ಹಾಗಾಗುತ್ತೀ ಅಂತ ಹೇಳಲು ನಾನು ಹುಚ್ಚನಲ್ಲ, ನಿನಗೆ 22 ನಡೆಯುತ್ತಿದೆ, ಅವರು ಎಳವೆಯಲ್ಲೇ ಶುರು ಮಾಡಿದವರು. ಸೋಮವಾರ ಕೆಲಸದವರಿಗೆ ಆಡಲು ಬಿಡುತ್ತಾರೆ ಅಂದೆಯಲ್ಲ, ಆ ಸೋಮವಾರ ಕಳೆದುಕೊಳ್ಳಬೇಡ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬರುತ್ತೀಯಲ್ಲ. ಬರುವಾಗ ಸವೆದ ಏಳನೇ ನಂಬರಿನ ಕೋಲು ಸಿಕ್ಕರೆ ತಾ, ಹತ್ತು ಹಳೆಯ ಚೆಂಡೂ ಇರಲಿ. ಕಡ್ಲಿ ಕಿತ್ತ ಹೊಲದಲ್ಲಿ ಗೂಟ ಹೊಡೆದು ಹುರಿ ಹಿಡಿದು ಡಿಸ್ಕಸ್ಸಿನ ಗೆರೆ ಹಾಕಿರುತ್ತೇನೆ, 20 ಮೀಟರ್ ದೂರಕ್ಕೆ 12 ಮೀಟರ್ ಅಗಲ, ನಿನಗೆ ಗೊತ್ತಿರುವುದೇ. ಹತ್ತರಲ್ಲಿ ಎಷ್ಟು ಚೆಂಡು ಗೆರೆಯೊಳಗೆ ಬೀಳುತ್ತವೆ ನೋಡೋಣ. ದೂರ ನಾನು ಅಳೆಯುವುದಿಲ್ಲ. ಕೋಲನ್ನು ಮಾತ್ರ ನಿಮ್ಮವ್ವನ ಕಣ್ಣಿಗೆ ಬೀಳುವಂತೆ ಇಡಬೇಡ. ಹಿತ್ತಲಿನಲ್ಲಿ ಹಾವು ಹೊಡೆಯೋಕೆ ಚಲೋ ಐತಿ ಅಂತ ಇಟ್ಟುಕೊಂಡಾಳು.